ಖ್ಮೇರ್ ಮಗ್ಗಗಳ ನಡುವೆ ಎಂಟು ಬೆರಳು

ಸಿಯೆಮ್ ರೀಪ್

ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಕೂತಿದ್ದ ಅಧಿಕಾರಿ ತನ್ನ ಬಲಗೈಯ ನಾಲ್ಕು ಬೆರಳು ಎತ್ತಿ ತೋರಿಸಿ, ಹಸಿರು ಬೆಳಕಿನ ಪೆಟ್ಟಿಗೆಯ ಮೇಲೆ ಇಡು ಎಂದು ಸನ್ನೆ ಮಾಡಿದ. ಇಟ್ಟೆ. ಬೆಳಕು ಕೆಂಪಾಯಿತು. ಒರೆಸಿ ಮತ್ತೆ ಇಟ್ಟೆ, ಮತ್ತೆ ಕೆಂಪು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಮೊದಲ ಸಲ ವಿಮಾನ ಹತ್ತಿದವನು ನಾನು. ಇಲ್ಲಿಂದಲೇ ವಾಪಸು ಕಳಿಸಿಬಿಟ್ಟರೆ ಪೀಣ್ಯದಲ್ಲಿ ಯಾವ ಮುಖ ತೋರಿಸಲಿ ಎಂದು ಬೆವರತೊಡಗಿದೆ.

ಕೊನೆಗೆ ಆತ ಎದ್ದು ನಿಂತು ನನ್ನ ಕೈ ನೋಡಿದ. ಬಲಗೈಯ ತೋರುಬೆರಳು, ನಡುಬೆರಳು ನನಗಿಲ್ಲ. ಬುಡದಲ್ಲಿ ಎರಡು ಗುಬುಟುಗಳಿವೆ, ಅಷ್ಟೆ. ಆತನ ಮುಖ ಮೆತ್ತಗಾಯಿತು.

"ಮೈನ್?" ಎಂದು ಕೇಳಿದ.

ಈ ಕೈ ನಿನ್ನದೇನಾ ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. "ಯೆಸ್ ಸಾರ್, ಮೈನ್" ಎಂದೆ.

ಆತ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ. ಠಸ್ಸೆ ಒತ್ತಿ ಕಳಿಸಿಕೊಟ್ಟ. ನೆಲಬಾಂಬಿಗೂ ಇಂಗ್ಲಿಷಿನಲ್ಲಿ ಮೈನ್ ಎನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅದರ ಮಾರನೆಯ ದಿನ. ಅಷ್ಟರಲ್ಲಿ ತಡವಾಗಿತ್ತು.

ನಾನು ಬಸವರಾಜ. ಕುಷ್ಟಗಿ ಕಡೆಯವನು. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಪೀಣ್ಯ ಎರಡನೇ ಹಂತದ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ. ಹಿಂದೆ ಬೇರೊಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಆಗಿದ್ದೆ, ಬೆರಳು ಹೋದದ್ದು ಅಲ್ಲಿ. ಈಗಿನ ಶೆಡ್ಡಿನಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಪುಟ್ಟ ಯಂತ್ರಗಳನ್ನು ಮಾಡುತ್ತೇವೆ. ಜೋಡಿಸಿ, ಓಡಿಸಿ ನೋಡಿ, ಸರಿಯಿದೆ ಎಂದು ಹೇಳುವವನು ನಾನು. ಕಾಂಬೋಡಿಯಾದ ಖ್ಮೇರ್ ಜನಾಂಗದ ನೇಕಾರ ಹೆಂಗಸರ ಸಂಸ್ಥೆಯೊಂದಕ್ಕೆ ನಮ್ಮ ಎಂಟು ಕದಿರಿನ ಯಂತ್ರ ಹೋಗಿತ್ತು. ಅದನ್ನು ಕೂರಿಸಿ, ಓಡಿಸಲು ಕಲಿಸಿ ಬರಲು ಯಾರಾದರೂ ಹೋಗಬೇಕಿತ್ತು. "ಬಸಣ್ಣ, ನೀವೇ ಹೋಗ್ಬನ್ನಿ. ಆ ಮಷಿನ್ ಮಾತು ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತು" ಎಂದರು ಓನರ್ ಜಯರಾಮಣ್ಣ. ಹೆಂಡತಿ ಗಂಗಾ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಮಗ್ಗದ ಊರು

ಸಿಯೆಮ್ ರೀಪ್‌ನಿಂದ ಒಂದೂವರೆ ತಾಸು ಕೆಂಪು ಮಣ್ಣಿನ ದಾರಿ. ಎರಡೂ ಕಡೆ ಗದ್ದೆ, ತಾಳೆಮರ, ಬೂದು ಬಣ್ಣದ ಎಮ್ಮೆಗಳು. ಮನೆಗಳೆಲ್ಲ ಮರದ ಕಂಬಗಳ ಮೇಲೆ ನಿಂತಿವೆ, ಕೆಳಗೆ ಮಗ್ಗ. ನಮ್ಮ ಕಡೆ ಮಗ್ಗಕ್ಕಾಗಿ ನೆಲ ಅಗೆದು ಕುಣಿ ತೋಡುತ್ತಾರೆ. ಇಲ್ಲಿಯವರು ಮನೆಯನ್ನೇ ಮೇಲೆತ್ತಿಬಿಟ್ಟಿದ್ದಾರೆ.

ಸಂಸ್ಥೆಯನ್ನು ನಡೆಸುವವಳು ಸೋಖಾ. ನಲವತ್ತರ ಆಸುಪಾಸಿನ, ನಿಂತಲ್ಲಿ ನಿಲ್ಲದ ಹೆಂಗಸು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ತೂಕದ್ದಾಗಿದ್ದರಿಂದ ನಮಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಯುದ್ಧದ ವರ್ಷಗಳಲ್ಲಿ ಈ ಊರಿನ ಮಗ್ಗಗಳು ಸೌದೆಯಾಗಿ ಉರಿದುಹೋದವಂತೆ. ವಿನ್ಯಾಸಗಳನ್ನು ತಲೆಯಲ್ಲಿ ಇಟ್ಟುಕೊಂಡು ಬದುಕಿ ಬಂದ ಕೆಲವೇ ಮುದುಕಿಯರು ಈಗಿನವರಿಗೆ ಕಲಿಸಿದ್ದಾರೆ. ಸಂಸ್ಥೆ ನೂಲು ಕೊಡುತ್ತದೆ, ಬಟ್ಟೆ ಮಾರುತ್ತದೆ, ಬಂದ ಲಾಭದಲ್ಲಿ ಮಗ್ಗದ ಪಕ್ಕದಲ್ಲೇ ಮಕ್ಕಳಿಗೆ ಶಾಲೆ ನಡೆಸುತ್ತದೆ. ಇದು ನಿಂತರೆ ಇಲ್ಲಿನ ಹೆಂಗಸರಿಗೆ ಉಳಿಯುವುದು ರಾಜಧಾನಿಯ ಗಾರ್ಮೆಂಟ್ಸ್ ಮಾತ್ರ. ಅಲ್ಲಿಗೆ ಹೆಂಗಸರನ್ನು ಒಯ್ಯುವ ಲಾರಿಯೊಂದನ್ನು ದಾರಿಯಲ್ಲಿ ನೋಡಿದ್ದೆ. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಕೂರಲು ಜಾಗವಿಲ್ಲದೆ ನಿಂತೇ ಹೋಗುತ್ತಿದ್ದರು. ಸಂಜೆ ಆರಕ್ಕೆ ಪೀಣ್ಯದ ಗೇಟುಗಳ ಮುಂದೆ ನಿಂತವರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ ಸಾರುನ್ ಎಂಬ ಹಿರಿಯರಿದ್ದರು. ಎಲ್ಲರೂ ಅವರನ್ನು ತಾ ಸಾರುನ್ ಎನ್ನುತ್ತಾರೆ, ತಾ ಎಂದರೆ ಅಜ್ಜ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ನನ್ನ ಕೈ ನೋಡಿದ್ದೇ ಅವರು ಊರುಗೋಲು ಊರಿಕೊಂಡು ಎದ್ದು ಬಂದು, ಆ ಕೈಯನ್ನು ತಮ್ಮ ನೀಲಿ ಬಣ್ಣ ಮೆತ್ತಿದ ಅಂಗೈಗಳ ನಡುವೆ ಹಿಡಿದುಕೊಂಡರು. "ಮೈನ್?" ಎಂದರು. ಆಮೇಲೆ ತಮ್ಮ ಕಾಲು ತೋರಿಸಿ, ತಪ್ಪಿಸಿಕೊಂಡ ಎತ್ತು ಹುಡುಕಲು ಹೋಗಿದ್ದೆ ಎಂದು ಸೋಖಾಳ ಬಾಯಿಂದ ಹೇಳಿಸಿದರು. ಮಣ್ಣು ಹಾರಿದ್ದನ್ನು ಕೈಯಲ್ಲೇ ಮಾಡಿ ತೋರಿಸಿದರು.

ಆಗ ಅರ್ಥವಾಯಿತು. ಅಲ್ಲ ಎಂದು ಹೇಳಬೇಕಿತ್ತು. ಆದರೆ ಸೋಖಾ ಆಗಲೇ ಅದನ್ನು ಹೆಂಗಸರಿಗೆಲ್ಲ ಹೇಳಿಯಾಗಿತ್ತು. ಮಗ್ಗಗಳು ಒಂದೊಂದಾಗಿ ನಿಂತು, ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಅಷ್ಟು ಗೌರವದಿಂದ ನನ್ನ ಕೈಯನ್ನು ಈವರೆಗೆ ಯಾರೂ ನೋಡಿರಲಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರು ಮುಖ ತಿರುಗಿಸುತ್ತಾರೆ.

ನಾನು ಹೌದೆಂದು ತಲೆಯಾಡಿಸಿದೆ.

ಮಧ್ಯಾಹ್ನ ತಾ ಸಾರುನ್ ತಮ್ಮ ಪಕ್ಕದಲ್ಲೇ ಚಾಪೆ ಹಾಸಿಸಿದರು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ, ನನಗೆ ಬರೀ ಅನ್ನವೇ ಗತಿ. ಅದನ್ನು ಕಂಡು ಅವರು ಮೀನಿಲ್ಲದ ಕುಂಬಳಕಾಯಿ ಬೇಯಿಸಿ ತರಿಸಿದರು. ನಾನು ರೊಟ್ಟಿ ಮುರಿದು ಕೊಟ್ಟಾಗ ಆ ಸದ್ದಿಗೆ ಹೆಂಗಸರೆಲ್ಲ ನಕ್ಕರು. ತಾ ಸಾರುನ್ ಅವರ ಕಾಲಿನ ಕಡೆ ನೋಡದೆ ಊಟ ಮುಗಿಸಿದೆ.

ಮೂರನೆಯ ದಿನ

ಯಂತ್ರ ಕೂರಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಗುಂಡಿ ಒತ್ತಿದೆ. ಎಂಟೂ ಕದಿರುಗಳು ತಿರುಗಿದವು. ಎರಡು ನಿಮಿಷಕ್ಕೆ ಒಂದು ಎಳೆ ಕಡಿಯಿತು. ಅದನ್ನು ಕಟ್ಟಿ ಶುರು ಮಾಡಿದರೆ ಮತ್ತೊಂದು.

ತಪ್ಪು ನನ್ನದೇ ಆಗಿತ್ತು. ಪೀಣ್ಯದಲ್ಲಿ ನಾನು ಓಡಿಸಿ ನೋಡಿದ್ದು ರಾಮನಗರದ ನೂಲಿನಲ್ಲಿ. ಅದು ಗಿರಣಿಯಲ್ಲಿ ತೆಗೆದ, ಉದ್ದಕ್ಕೂ ಒಂದೇ ಸಮ ಇರುವ ಎಳೆ. ಇವರದು ಹಳದಿ ಗೂಡು. ಮಡಕೆಯ ಬಿಸಿನೀರಿನಲ್ಲಿ ಹಾಕಿ ಕೈಯಲ್ಲಿ ಎಳೆದದ್ದು. ಬಣ್ಣ ಹಾಕುವ ಮೊದಲೇ ಬಂಗಾರದಂತೆ ಹೊಳೆಯುತ್ತದೆ, ಆದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನಮ್ಮ ಯಂತ್ರದ ಎಳೆತವನ್ನು ಅದು ತಡೆಯುತ್ತಿರಲಿಲ್ಲ.

ಕದಿರುಗಳ ಮುಂದೆ ಜಾಲರಿಯ ಬಾಗಿಲಿದೆ. ಅದನ್ನು ತೆರೆದರೆ ಸಾಕು, ಒಳಗಿನ ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ಪಟ್ಟಿ, ಹಲ್ಲುಚಕ್ರ, ಉರುಳೆ ಎಲ್ಲ ಒಳಗೇ ಇರುವುದರಿಂದ ಯಾರ ಕೈಯೂ ಸಿಕ್ಕಬಾರದೆಂದು ನಾನೇ ಹಟ ಹಿಡಿದು ಹಾಕಿಸಿದ್ದೆ. ಒಂದು ಎಳೆ ಕಡಿದರೂ ಎಂಟೂ ಕದಿರು ನಿಲ್ಲಬೇಕು. ನಿಂತು ಶುರುವಾಗುವಾಗಿನ ಜಗ್ಗಿಗೆ ಇನ್ನೊಂದು ಕಡಿಯುತ್ತಿತ್ತು.

ಹುರಿ ಹಾಕಿದ ನೂಲು ಸಾಲದೆ ಏಳು ಮಗ್ಗಗಳು ಕಾಯುತ್ತಿದ್ದವು. ಶುಕ್ರವಾರ ಯುರೋಪಿನಿಂದ ಕೊಳ್ಳುವವಳು ಬರುವವಳಿದ್ದಳು. ಏಳೂ ಮಗ್ಗಗಳಲ್ಲಿ ಬಟ್ಟೆ ಏರಿದ್ದು ಕಣ್ಣಾರೆ ಕಂಡರೆ ವರ್ಷವಿಡೀ ಕೊಳ್ಳುತ್ತೇನೆ ಎಂದಿದ್ದಳಂತೆ. ಆಗದಿದ್ದರೆ ಗಾರ್ಮೆಂಟ್ಸಿಗೆ ಹೋಗುತ್ತೇವೆ ಎಂದು ಮೂವರು ಹೆಂಗಸರು ಆಗಲೇ ಹೇಳಿದ್ದರು.

"ಆ ಸ್ವಿಚ್ ತೆಗೆದುಬಿಡಿ" ಎಂದಳು ಸೋಖಾ.

"ಆಗಲ್ಲ."

"ನಾಲ್ಕು ದಿನಕ್ಕೆ ಮಾತ್ರ."

"ಒಂದು ನಿಮಿಷಕ್ಕೂ ಆಗಲ್ಲ."

ಅವಳು ಹೊರಗೆ ಹೋಗಿ ಬೆಂಗಳೂರಿಗೆ ಫೋನ್ ಮಾಡಿದಳು. ಹತ್ತೇ ನಿಮಿಷಕ್ಕೆ ಜಯರಾಮಣ್ಣ ನನ್ನ ಲೈನಿಗೆ ಬಂದರು. "ಏನ್ ಬಸಣ್ಣ ನೀವು! ಕಸ್ಟಮರ್ರೇ ಬೇಡ ಅಂದ್ರೆ ನಮಗ್ಯಾಕೆ? ತೆಗ್ದ್ ಕೊಡಿ, ಒಂದ್ ಸೈನ್ ಹಾಕಿಸ್ಕೊಂಡ್ ಬಂದ್ಬಿಡಿ."

"ಆಗಂಗಿಲ್ರೀ ಅಣ್ಣಾರ" ಎಂದೆ. ಮಾಲೀಕರ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ಆಚೆ ಕಡೆ ಫೋನ್ ಇಟ್ಟ ಸದ್ದಾಯಿತು. ಆ ಕೆಲಸ ಇನ್ನು ಉಳಿಯುತ್ತದೋ ಇಲ್ಲವೋ ಎಂದು ಊಟದವರೆಗೂ ಅದೇ ಯೋಚನೆ.

ಚಂತೂಳ ರಬ್ಬರ್

ಯಂತ್ರ ನಡೆಸಲು ಸೋಖಾ ಆರಿಸಿದ್ದು ಚಂತೂ ಎಂಬ ಇಪ್ಪತ್ತನಾಲ್ಕರ ಹೆಣ್ಣುಮಗಳನ್ನು. ಇವರ ಹೋಲ್ ಎಂಬ ರೇಷ್ಮೆಯಲ್ಲಿ ನೇಯುವ ಮೊದಲೇ ಹೊಕ್ಕಿನ ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದಲ್ಲಿ ಬಣ್ಣ ಹತ್ತುವುದಿಲ್ಲ. ನೇಯುತ್ತ ಹೋದಂತೆ ಅದೇ ಹೂವಾಗಿ, ಹಕ್ಕಿಯಾಗಿ ಮೂಡುತ್ತದೆ. ಹಾಗೆ ಕಟ್ಟುವುದರಲ್ಲಿ ಚಂತೂಳ ಕೈಗೆ ಸಾಟಿಯಿಲ್ಲ. ಅವಳ ಬೆರಳು ಓಡುವುದು ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ನಾನು ಯಾವಾಗಲೂ ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

ಐದನೆಯ ದಿನ ತಾ ಸಾರುನ್ ಜೊತೆ ನೀಲಿಯ ಹೊಂಡದ ಹತ್ತಿರ ಕೂತಿದ್ದೆ. ಒಳಗೆ ಯಂತ್ರ ಓಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಸದ್ದಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದು ನಿಲ್ಲುತ್ತಿರಲಿಲ್ಲ. ಕಾಲು ಗಂಟೆಯಾದರೂ ಒಂದು ಸಲವೂ ನಿಂತಿರಲಿಲ್ಲ.

ಓಡಿದೆ. ಜಾಲರಿಯ ಬಾಗಿಲು ಪೂರಾ ತೆರೆದಿತ್ತು. ಸ್ವಿಚ್ಚಿನ ನಾಲಗೆ ಒತ್ತಿಕೊಂಡೇ ಇರುವಂತೆ ಅದಕ್ಕೆ ಕೂದಲಿಗೆ ಹಾಕುವ ಕಪ್ಪು ರಬ್ಬರ್ ಬ್ಯಾಂಡನ್ನು ಮೂರು ಸುತ್ತು ಸುತ್ತಲಾಗಿತ್ತು. ಚಂತೂ ಒಳಗೆ ಬಗ್ಗಿ ಕಡಿದ ಎಳೆಯನ್ನು ಹುಡುಕುತ್ತಿದ್ದಳು. ಅವಳ ಕೊರಳಿನ ಕ್ರಮಾ, ಅಂದರೆ ಅಲ್ಲಿ ಎಲ್ಲರೂ ಹಾಕುವ ಚೌಕುಳಿ ಶಾಲು, ಅದರ ಒಂದು ತುದಿ ಉರುಳೆಗಳ ಕಡೆ ತೂಗುತ್ತಿತ್ತು.

"ಚಂತೂ!" ಎಂದೆ. ಅವಳು ತಿರುಗಿದಳು. ತಿರುಗುವಾಗಲೇ ತುದಿ ಉರುಳೆಗೆ ಸಿಕ್ಕಿತು.

ಒಂದೇ ಏಟಿಗೆ ಅವಳ ತಲೆ ಕೆಳಗೆ ಹೋಯಿತು. ನಾನು ಗೋಡೆಯ ಮೇನ್ ಸ್ವಿಚ್ಚು ಎಳೆದೆ. ಆದರೆ ಯಂತ್ರ ಕರೆಂಟು ಹೋದ ಕೂಡಲೇ ನಿಲ್ಲುವುದಿಲ್ಲ, ಒಂದಷ್ಟು ಸುತ್ತು ತನ್ನ ವೇಗಕ್ಕೆ ತಿರುಗುತ್ತದೆ. ಆ ಸುತ್ತುಗಳಲ್ಲಿ ಶಾಲು ಬಿಗಿಯುತ್ತಲೇ ಹೋಯಿತು. ಅವಳ ಕೈಗಳು ಕಂಬಿಯನ್ನು ಹಿಡಿದು ಹಿಂದಕ್ಕೆ ಒತ್ತುತ್ತಿದ್ದವು. ಬಾಯಿಂದ ಸದ್ದೇ ಬರುತ್ತಿರಲಿಲ್ಲ. ನೂಲು ಕತ್ತರಿಸುವ ಕತ್ತರಿ ಕೈಗೆ ಸಿಕ್ಕಿತು, ಆದರೆ ಎರಡು ಬೆರಳಿಲ್ಲದ ಬಲಗೈಯಲ್ಲಿ ಕತ್ತರಿ ಆಡುವುದಿಲ್ಲ. ಎಡಗೈಗೆ ಬದಲಾಯಿಸಿ, ಅವಳ ಕೊರಳಿಗೂ ಬಟ್ಟೆಗೂ ನಡುವೆ ತುರುಕಿ ಕತ್ತರಿಸಿದೆ. ಅವಳು ಹಿಂದಕ್ಕೆ ಬಿದ್ದು ಜೋರಾಗಿ ಉಸಿರು ಎಳೆದುಕೊಂಡಳು.

ಕೊರಳ ಸುತ್ತ ಕೆಂಪು ಗೆರೆ ಎದ್ದಿತ್ತು. ಬೇರೇನೂ ಆಗಿರಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ.

ಹತ್ತು ನಿಮಿಷದಲ್ಲಿ ಎಲ್ಲರೂ ಸೇರಿದರು. ಚಂತೂ ಎಲ್ಲರಿಗಿಂತ ಮೊದಲು ಮಾತಾಡಿದಳು, ಸಿಟ್ಟಿನಲ್ಲಿ. ಸೋಖಾ ನನಗೆ ತಿಳಿಸಿದಳು: "ಶಾಲು ತೆಗೆದಿಟ್ಟು ಕೆಲಸ ಮಾಡ್ತಾಳಂತೆ. ಅವಳ ಕೈ ಚುರುಕು, ಏನೂ ಆಗಲ್ಲ ಅಂತಾಳೆ. ನೀವು ಬಾಂಬ್ ನೋಡಿದವರು, ಅದಕ್ಕೆ ಎಲ್ಲಕ್ಕೂ ಹೆದರ್ತೀರಿ ಅಂತಾಳೆ."

ಹೆಂಗಸರು ಹೌದೆಂದು ತಲೆಯಾಡಿಸಿದರು. ತಾ ಸಾರುನ್ ನನ್ನ ಪರವಾಗಿ ಏನೋ ಹೇಳಿ ಹೆಗಲ ಮೇಲೆ ಕೈ ಇಟ್ಟರು. ಆ ಕೈಯನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಮೈನ್ ಅಲ್ಲ" ಎಂದೆ.

ನನಗೆ ಬರುವ ಇಂಗ್ಲಿಷೆಲ್ಲ ಮಷಿನ್ ಇಂಗ್ಲಿಷ್. ಪ್ರೆಸ್, ಬಟನ್, ಬ್ರೇಕ್, ರಿಜೆಕ್ಟ್. ಈ ಕತೆಗೆ ಅಷ್ಟೇ ಸಾಕಾಗಿತ್ತು.

ನಾನು ನಡೆಸುತ್ತಿದ್ದ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳಬೇಕು. ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರುವುದಿಲ್ಲವಲ್ಲ, ಅದಕ್ಕೆ. ನಾನು ಬಲಗುಂಡಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ತುರುಕಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದೆ. ಎಡಗೈಯಿಂದ ಗುಂಡಿ, ಬಲಗೈಯಿಂದ ತಗಡು. ಇಡೀ ಶಿಫ್ಟಿನಲ್ಲಿ ನನ್ನಷ್ಟು ಪೀಸ್ ಯಾರೂ ಹೊಡೆಯುತ್ತಿರಲಿಲ್ಲ. ನನ್ನ ಕೈಯೂ ಚುರುಕಾಗಿತ್ತು. ಒಂದು ದಿನ ತಗಡು ಸ್ವಲ್ಪ ಓರೆಯಾಯಿತು. ಸರಿಮಾಡಲು ಬಲಗೈ ಒಳಗೆ ಹೋಯಿತು, ಎಡಗೈ ಅಭ್ಯಾಸದ ಮೇಲೆ ಒತ್ತಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹದಿನಾಲ್ಕು ವರ್ಷ ಯಾರಿಗೂ ಹೇಳದ ಉಳಿದದ್ದು ತಾನೇ ಹೊರಗೆ ಬಂತು. ರಕ್ತ ಸುರಿಯುತ್ತಿದ್ದಾಗಲೇ, ಜನ ಓಡಿಬರುವ ಮೊದಲು, ಎಡಗೈಯಿಂದ ಆ ಟ್ಯೂಬಿನ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಪ್ರೆಸ್ ತಾನಾಗಿಯೇ ಬಿತ್ತು ಎಂದೆ. ಪ್ರೆಸ್ಸುಗಳ ಕ್ಲಚ್ಚು, ಬ್ರೇಕು ನೋಡಿಕೊಳ್ಳುತ್ತಿದ್ದ ಫಿಟ್ಟರ್ ನಾಗರಾಜ ನನ್ನ ಗೆಳೆಯ. ನನ್ನನ್ನು ಎತ್ತಿಕೊಂಡು ಆಟೋಗೆ ಹತ್ತಿಸಿದವನೂ ಅವನೇ. ಅವನು ಸರಿಯಾಗಿ ನೋಡಲಿಲ್ಲ ಎಂದು ಅವನನ್ನು ಕೆಲಸದಿಂದ ತೆಗೆದರು. ನಾನು ಆಸ್ಪತ್ರೆಯ ಹಾಸಿಗೆಯಲ್ಲಿ ಸುಮ್ಮನಿದ್ದೆ.

ಸೋಖಾ ಒಂದು ಹಂತದಲ್ಲಿ ಅನುವಾದ ನಿಲ್ಲಿಸಿದಳು. "ಇದನ್ನೂ ಹೇಳಲಾ?" ಎಂದಳು. ಹೇಳಿ ಎಂದೆ.

ತಾ ಸಾರುನ್ ನನ್ನ ಹೆಗಲ ಮೇಲಿನ ಕೈ ತೆಗೆದು, ಊರುಗೋಲು ಎಳೆದುಕೊಂಡು, ತಿರುಗಿ ನೋಡದೆ ಬಣ್ಣದ ಮನೆಗೆ ಹೋದರು. ಅಂದು ಮಧ್ಯಾಹ್ನ ಅವರ ಪಕ್ಕದಲ್ಲಿ ನನ್ನ ಚಾಪೆ ಇರಲಿಲ್ಲ.

ಶುಕ್ರವಾರದವರೆಗೆ

ಸಂಜೆ ಚಂತೂ ತಾನಾಗಿಯೇ ಬಂದಳು. ಕೊರಳಿನ ಗೆರೆ ಕಪ್ಪಾಗಿತ್ತು. ಸ್ವಿಚ್ಚಿನ ರಬ್ಬರನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಜಾಲರಿ ಮುಚ್ಚಿ, ಅದರ ಹೊರಗಿನಿಂದ ಒಂದು ಕಡ್ಡಿಯನ್ನು ತೂರಿಸಿ ತೋರಿಸಿದಳು. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಅವಳ ಯೋಚನೆ ಹೊಳೆಯಿತು. ಕೈ ಒಳಗೆ ಹೋಗುವುದೇ ಬೇಡ, ಎಳೆಯನ್ನೇ ಹೊರಗೆ ತರೋಣ.

ಮಾರನೆಯ ದಿನವಿಡೀ ಇಬ್ಬರೂ ಕೂತೆವು. ಜಾಲರಿಯಲ್ಲಿ ಒಂದೊಂದು ಕದಿರಿನ ಮುಂದೆ ಬೆರಳು ಹೋಗದಷ್ಟು ಸಣ್ಣ ಸೀಳು ಮಾಡಿದೆ. ಸೈಕಲ್ ಚಕ್ರದ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿದೆ. ಹೊರಗಿನಿಂದ ಒತ್ತಿದರೆ ಆ ಒಂದು ಕದಿರನ್ನು ಮಾತ್ರ ನಿಲ್ಲಿಸುವ ಮರದ ತಡೆಗಳನ್ನು ಅವಳು ಕೆತ್ತಿದಳು. ವೇಗ ಇಳಿಸಲು ದೊಡ್ಡ ಪುಲ್ಲಿ ಹಾಕಿದೆ. ಒಂದು ಎಳೆ ಕಡಿದರೆ ಉಳಿದ ಏಳು ಓಡುತ್ತಲೇ ಇದ್ದವು. ಹಟ ಹಿಡಿದು ಜಾಲರಿ ಹಾಕಿಸಿದ ನನಗೆ ಇಷ್ಟು ಪೀಣ್ಯದಲ್ಲೇ ಹೊಳೆಯಬೇಕಿತ್ತು.

ಆದರೂ ಕಳೆದ ದಿನಗಳು ವಾಪಸು ಬರಲಿಲ್ಲ. ಶುಕ್ರವಾರ ಕೊಳ್ಳುವವಳು ಬಂದಾಗ ಏಳರಲ್ಲಿ ನಾಲ್ಕು ಮಗ್ಗಗಳಲ್ಲಷ್ಟೇ ಬಟ್ಟೆ ಏರಿತ್ತು. ಸೋಖಾ ಒಂದನ್ನೂ ಮುಚ್ಚಿಡಲಿಲ್ಲ. ಖಾಲಿ ಮಗ್ಗಗಳ ಮುಂದೆಯೂ ಕರೆದುಕೊಂಡು ಹೋಗಿ ನಿಲ್ಲಿಸಿ, ಏಕೆ ಖಾಲಿ ಎಂದು ಹೇಳಿದಳು. ಚಂತೂಳನ್ನು ಕರೆದು ಕೊರಳನ್ನೂ ತೋರಿಸಿದಳು. ಆ ಹೆಂಗಸು ಬಹಳ ಹೊತ್ತು ಹೋಲ್ ಬಟ್ಟೆಯ ಅಂಚನ್ನು ಸವರುತ್ತ ನಿಂತಿದ್ದು, ನಾಲ್ಕು ಮಗ್ಗದ್ದು ತೆಗೆದುಕೊಳ್ಳುತ್ತೇನೆ, ಉಳಿದದ್ದನ್ನು ಯೋಚಿಸಿ ಹೇಳುತ್ತೇನೆ ಎಂದಳು. ಗಾರ್ಮೆಂಟ್ಸಿಗೆ ಹೋಗುತ್ತೇವೆ ಎಂದಿದ್ದ ಮೂವರಲ್ಲಿ ಒಬ್ಬಳು ಆ ಭಾನುವಾರ ಲಾರಿ ಹತ್ತಿದಳು. ಇಬ್ಬರು ಉಳಿದರು.

ಹೊರಡುವ ದಿನ

ತಾ ಸಾರುನ್ ಅಷ್ಟೂ ದಿನ ನನ್ನ ಜೊತೆ ಮಾತಾಡಿರಲಿಲ್ಲ. ನಾನು ಚೀಲ ಎತ್ತಿಕೊಂಡು ಬಣ್ಣದ ಮನೆಯ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಬಾ ಎನ್ನಲಿಲ್ಲ. ನೂಲನ್ನು ನೀಲಿಯಲ್ಲಿ ಅದ್ದಿ ಎತ್ತಿ, ಅದ್ದಿ ಎತ್ತಿ ಮಾಡುತ್ತಲೇ ಸೋಖಾಳಿಗೆ ಏನೋ ಕೇಳಿದರು.

"ಆ ಗೆಳೆಯ ಬದುಕಿದ್ದಾನಾ ಅಂತ ಕೇಳ್ತಿದ್ದಾರೆ."

ಇದ್ದಾನೆ ಎಂದೆ.

"ದೂರಾನಾ?"

"ಇಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ."

ಅವರು ನೂಲನ್ನು ಹೊಂಡದಲ್ಲೇ ಬಿಟ್ಟು ನನ್ನ ಕಡೆ ತಿರುಗಿ ನಿಧಾನವಾಗಿ ಮಾತಾಡಿದರು. ಸೋಖಾ ಅಷ್ಟೇ ನಿಧಾನವಾಗಿ ಹೇಳುತ್ತ ಹೋದಳು. "ನನ್ನ ಕಾಲು ತೆಗೆದ ಮೈನ್ ಹೂತವನು ಯಾರು ಅಂತ ನನಗೆ ಗೊತ್ತಿಲ್ಲ. ಆ ಕಡೆಯವನೋ, ಈ ಕಡೆಯವನೋ, ಸತ್ತನೋ, ಇದ್ದಾನೋ. ಎಷ್ಟೋ ವರ್ಷ, ಯಾರಾದರೂ ಬಂದು ನಾನೇ ಅಂತ ಹೇಳ್ತಾರೆ ಅಂತ ಕಾದೆ. ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಹೊಡೀತಿದ್ದೆ ಅಂತ ಕಾಣುತ್ತೆ. ಯಾರೂ ಬರಲಿಲ್ಲ. ನಿನ್ನ ಗೆಳೆಯನಿಗೆ ಕಾಯಬೇಕು ಅನ್ನೋದೂ ಗೊತ್ತಿಲ್ಲ."

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತಿರುಗಿದರು. ನಾನು ಕೈ ಮುಗಿದೆ. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಚಿಕ್ಕಬಾಣಾವರ

ಮನೆಗೆ ಬಂದವನು ಮೊದಲು ಗಂಗಾಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. "ನನಗ್ಯಾಕ ಹೇಳಾಕತ್ತೀರಿ? ಯಾರಿಗೆ ಹೇಳಬೇಕೋ ಅವರಿಗೆ ಹೋಗಿ ಹೇಳ್ರಿ" ಎಂದು ಒಳಗೆ ಹೋದಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಜಯರಾಮಣ್ಣನೂ ಮುಖ ಬಿಗಿದುಕೊಂಡೇ ಇದ್ದರು. ಆದರೆ ಮುಂದಿನ ಯಂತ್ರಕ್ಕೆ ಸೀಳಿನ ಜಾಲರಿ, ಮರದ ತಡೆ ಹಾಕಿ ಎಂದು ಒಂದು ಚೀಟಿಯಲ್ಲಿ ಬರೆದು ಕಳಿಸಿದರು. ಕೆಲಸ ಉಳಿದಿದೆ ಎಂದು ಅದರಿಂದ ತಿಳಿದುಕೊಂಡೆ.

ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದ ಬಸ್ ಹತ್ತಿದೆ. ನಾಗರಾಜ ಅಲ್ಲಿ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮಿಕ್ಸಿ, ಫ್ಯಾನ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಹಿಂದೆಯೇ ಮನೆ. ನಾವು ಬೇರೆಯಾದವರೇನಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾನೆ, ಪ್ರತಿ ಸಲವೂ ಕೈ ಹೇಗಿದೆ ಎಂದು ಕೇಳುತ್ತಾನೆ. ಆ ಪ್ರಶ್ನೆಯೇ ನನಗೆ ಆಗದು.

"ಏನ್ ಗುರು, ಫಾರಿನ್ ರಿಟರ್ನು!" ಎಂದು ಅವನು ಸ್ಟೂಲ್ ಎಳೆದು ಕೊಟ್ಟ. "ಟೀ ಹೇಳ್ಲಾ?"

ಬೇಡ ಎಂದು, ನಿಂತುಕೊಂಡೇ ಹೇಳಿದೆ. ಟ್ಯೂಬಿನ ತುಂಡು, ಬಲಗುಂಡಿ, ಜೇಬು, ಆಸ್ಪತ್ರೆ. ಅವನು ಬಿಚ್ಚುತ್ತಿದ್ದ ಫ್ಯಾನಿನ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೇಳಿದ. ಎಲ್ಲ ಹಾಕಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ರೈಲೊಂದು ಬಂದು ನಿಂತು ಹೊರಟಿತು.

"ಹಿಂದಿನ ದಿನ ಕ್ಲಚ್ ಬಿಚ್ಚಿದ್ದೆ ಕಣೋ" ಎಂದ. ಧ್ವನಿ ಅವನದಲ್ಲ ಅನ್ನಿಸಿತು. "ಪಿನ್ ಸರಿಯಾಗ್ ಕೂರಿಸಿದ್ನೋ ಇಲ್ವೋ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ. ನಿನ್ ಕೈ ನಾನೇ ತೆಗ್ದೆ ಅನ್ಕೊಂಡಿದ್ದೆ. ಇವ್ಳೂ ಹಂಗೇ ಅನ್ಕೊಂಡಿದಾಳೆ."

ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಬಂದವನು ನಾನು. ಅವನು ಇದನ್ನು ಹೊತ್ತುಕೊಂಡಿರಬಹುದೆಂದು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನನಗೆ ತೋಚಿರಲಿಲ್ಲ.

ಅವನು ಎದ್ದು ಹಿಂದಿನ ಬಾಗಿಲಿನ ಪರದೆ ಸರಿಸಿ ಕೂಗಿದ. "ಲೇ, ಸ್ಟವ್ ಆರ್ಸಿ ಹೊರಗ್ ಬಾ. ಬೇಗ ಬಾ."

ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನನ್ನನ್ನು ಕಂಡು ನಕ್ಕು, "ಚೆನ್ನಾಗಿದೀರಾ ಅಣ್ಣ?" ಎಂದಳು.

ನಾಗರಾಜ ಅವಳನ್ನು ನನ್ನ ಎದುರಿನ ಸ್ಟೂಲಿನ ಮೇಲೆ ಕೂರಿಸಿ, ತಾನು ಅವಳ ಹಿಂದೆ ನಿಂತ.

"ಹೇಳು" ಎಂದ. "ಮೊದ್ಲಿಂದ ಹೇಳು. ಒಂದೂ ಬಿಡ್ಬೇಡ."

ನಾನು ಮೊದಲಿನಿಂದ ಹೇಳತೊಡಗಿದೆ.